ತೊಲೆಯ ಮೇಲಿನ ಎರಡು ಗೀರು

ಇಳಕಲ್ಲ, ೧೧ ಡಿಸೆಂಬರ್, ಗುರುವಾರ

ಹೊಸ ಮಹಡಿಗೆ ಮೆಟ್ಟಿಲು ಎಲ್ಲಿ ಕಟ್ಟಿಸಲಿ? ನಿನ್ನೆ ನೋಂದಣಿಯಾಗಿ ಪೇಟೆಯ ಆ ನೂರು ವರ್ಷದ ಮನೆ ನಮ್ಮದಾಯಿತು. ಖುಷಿಗೆ ನಿದ್ದೆಯೇ ಇಲ್ಲ, ತಲೆಯ ತುಂಬ ಮೆಟ್ಟಿಲು.

ಬೆಳಿಗ್ಗೆ ಗೌಂಡಿ ಫಕ್ರುಸಾಬರು ಪಡಸಾಲೆಯ ತೊಲೆ ನೋಡಿ ಮುಖ ಸಿಂಡರಿಸಿದರು. ಅದರಲ್ಲಿ ಬೆರಳು ಹಿಡಿಸುವಷ್ಟು ಆಳದ ಎರಡು ಗೀರುಗಳಿದ್ದವು.

“ಹುಳ ತಿಂದೈತ್ರೀ ಅಕ್ಕಾರ. ಇದನ್ನ ತಗದು ಕಬ್ಬಿಣದ್ದು ಹಾಕೂಣು.”

ನಾನೂ ಹೂಂ ಅಂದುಬಿಟ್ಟೆ, ನೇಕಾರರ ಮಗಳಾಗಿ! ಅಷ್ಟರಲ್ಲಿ ಅವ್ವ ಬಂದಳು. ಹದಿನೈದು ವರ್ಷದ ಹಿಂದೆ ಬಾಡಿಗೆ ಮನೆಗೆ ಬಂದಾಗ ಜಾಗವಿಲ್ಲದೆ ಮಗ್ಗ ಬಿಟ್ಟವಳು. ತಲೆಯೆತ್ತಿ ಗೀರು ನೋಡಿದಳು, ಆಮೇಲೆ ಅದರ ಕೆಳಗಿನ ನೆಲ ನೋಡಿದಳು.

“ಹುಳ ಎಲ್ಲೀದ್ರಿ? ಮಗ್ಗದ ಹಗ್ಗ ತಿಕ್ಕಿ ಬಿದ್ದದ್ದಿದು. ಈ ಪರಸಿ ಕಲ್ಲ ಎಬ್ಬಸ್ರಿ, ಕೆಳಗ ಕುಣಿ ಇರ್ತೈತಿ.”

ಇತ್ತು! ಒಂದು ತಾಸು ಮಣ್ಣು ತೆಗೆದ ಮೇಲೆ, ನೇಕಾರರು ಕಾಲು ಇಳಿಬಿಟ್ಟು ಕೂಡುವ ಕುಣಿ ಕಂಡಿತು. ಅಂಚಿನ ಕಲ್ಲು ಸವೆದು ನುಣ್ಣಗಾಗಿದೆ. ಅವ್ವ ಸೀರೆ ಎತ್ತಿ ಕಟ್ಟಿ ಇಳಿದೇಬಿಟ್ಟಳು. ಕಾಲುಗಳು ತಾವಾಗಿಯೇ ತುಳಿಯತೊಡಗಿದವು, ಒಂದಾದ ಮೇಲೊಂದು, ಮಗ್ಗವೇ ಇಲ್ಲದೆ.

“ಸಾಕು, ಮ್ಯಾಲ ಬಾರಬೇ,” ಅಂದೆ.

“ನೀ ಮಗ್ಗ ತರಸು ಮಹೇಶ್ವರಿ, ಆಮ್ಯಾಲ ನೋಡೂಣು.”

ಹೊಸ ಮಹಡಿಗೆ ಮೆಟ್ಟಿಲು ಬರಬೇಕಾದದ್ದು ಸರಿಯಾಗಿ ಅಲ್ಲೇ. ಈಗಷ್ಟೇ ನಕ್ಷೆಯಲ್ಲಿ ಅದನ್ನು ಅಳಿಸಿದೆ. ನಕ್ಷೆಯಲ್ಲೀಗ ಮೇಲೆ ಎರಡು ಚೆಂದದ ಕೋಣೆಗಳಿವೆ, ಹೋಗಲು ದಾರಿಯಿಲ್ಲ. ಒಬ್ಬಳೇ ಕೂತು ನಗುತ್ತಿದ್ದೇನೆ. ಏಣಿ ಹಾಕಿಕೊಂಡು ಹತ್ತಿದರಾಯಿತು.