ಗುರುತು ಉಳಿಯದ ತಪ್ಪು

ಚಿಕ್ಕಮ್ಮಾ,

ಈ ಕಾಗದದಲ್ಲಿ ಹೇಳಹೊರಟ ಮಾತನ್ನು ಮೊದಲು ಆಡಿದವರು ಇಲ್ಲಿಯ ಹೊಲಿಗೆ ಟೀಚರಮ್ಮ, ಮೊನ್ನೆ ಗುರುವಾರ ಸಂಜೆ. ನಿನ್ನ ಹಾಗೆಯೇ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವವರು.

ನಾನು ಕಂಪ್ಯೂಟರ್ ಕಲಿಸಲು ಈ ಊರಿಗೆ ಬಂದು ಹದಿನೈದು ದಿನವಾದರೂ ನನ್ನ ಕಂಪ್ಯೂಟರ್ ಕೋಣೆಗೆ ಒಂದು ನರಪಿಳ್ಳೆಯೂ ಕಾಲಿಟ್ಟಿರಲಿಲ್ಲ. ಶನಿವಾರದೊಳಗೆ ಆರು ಜನ ಸೇರದಿದ್ದರೆ ಯಂತ್ರಗಳನ್ನು ಬೇರೆ ಊರಿಗೆ ಸಾಗಿಸುತ್ತೇವೆಂದು ಮೇಲಿನವರ ಕಾಗದ ಬಂದಿತ್ತು. ಪಕ್ಕದ ಕೋಣೆಯಲ್ಲಿ ಹೊಲಿಗೆ ಕಲಿಯುವವರನ್ನು ಕರೆದರೆ, "ಬೇಡಿ ಮೇಷ್ಟ್ರೇ, ತಪ್ಪು ಒತ್ತಿ ಕೆಡಿಸಿಬಿಟ್ರೆ?" ಎಂದು ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದರು. ಕತ್ತರಿ ಒಮ್ಮೆ ತಪ್ಪಿದರೆ ಬಟ್ಟೆ ಹಾಳೆಂದು ಕಲಿತವರಲ್ಲವೇ?

ಗುರುವಾರ ಸಂಜೆ ಬೀಗದ ಕೈ ಕೊಡಲು ಬಂದ ಟೀಚರಮ್ಮನನ್ನು ಕೂರಿಸಿ, ಅವರ ಹೆಸರು ಒತ್ತಿಸಿದೆ. ಒಂದಕ್ಷರ ತಪ್ಪಿತು. ಅಳಿಸುವ ಗುಂಡಿ ತೋರಿಸಿದೆ; ಒತ್ತಿದರು, ಅಕ್ಷರ ಮಾಯ. ಅವರು ಕನ್ನಡಕ ಒರೆಸಿ, ಪರದೆಯನ್ನು ಬೆರಳಿನಿಂದ ಸವರಿ ನೋಡಿ, ನೆಟ್ಟಗೆ ಪಕ್ಕದ ಕೋಣೆಗೆ ನಡೆದು, ಇನ್ನೂ ಮನೆಗೆ ಹೊರಡದಿದ್ದ ಹೊಲಿಗೆಯವರಿಗೆ ಹೇಳಿದರು: "ಇಪ್ಪತ್ತು ವರ್ಷದಿಂದ ತಪ್ಪು ಹೊಲಿಗೆ ಬಿಚ್ತಾ ಇದ್ದೀನಿ, ಸೂಜಿಯ ತೂತು ಉಳಿದೇ ಉಳಿಯುತ್ತೆ. ಅಲ್ಲಿ ಬಿಚ್ಚಿದ್ರೆ ಒಂದು ತೂತೂ ಇಲ್ಲ ಕಣ್ರೇ!"

ನನ್ನ ಕೆಮ್ಮು ವಾಸಿಯಾಗಿದೆ. ನೀನು ಹೊಲಿದ ಅಂಗಿಯ ತೋಳು ಮಾತ್ರ ಇನ್ನೂ ಉದ್ದ.

ಮರುದಿನ ಬೆಳಿಗ್ಗೆ ನಾನು ಬೀಗ ತೆಗೆಯುವ ಮೊದಲೇ ಒಂಬತ್ತು ಜನ ಬಾಗಿಲಲ್ಲಿದ್ದರು. ಎಲ್ಲರಿಗಿಂತ ಮುಂದೆ ನಿಂತವಳು, "ಮೇಷ್ಟ್ರೇ, ಮೊದಲು ನಾವು ತಪ್ಪು ಮಾಡ್ತೀವಿ. ಸರಿ ಮಾಡೋದು ಆಮೇಲೆ ಹೇಳಿಕೊಡಿ" ಎಂದಳು.

ಕಾಗದದಲ್ಲಿ ಜಾಗ ಮುಗಿಯಿತು.

ನಿನ್ನ ಅಕ್ಕನ ಮಗ