ಬೋರ್ಡಿನ ಮೇಲಿನ ಅಂಗೈ

ಅಮ್ಮಾ,

ಇವತ್ತು ಇಲ್ಲಿ ಶಿಕಾರಿಪುರದ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಇಂಗ್ಲಿಷ್ ವ್ಯಾಕರಣ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ 'ಎ ಬಾಸ್ಕೆಟ್ ಆಫ್ ಮ್ಯಾಂಗೋಸ್' ಎಂದು ಬರೆದು, ಮುಂದೆ 'ಈಸ್' ಬರುತ್ತದೋ 'ಆರ್' ಬರುತ್ತದೋ ಎಂದು ಕೇಳಿದೆ. ಮಾವಿನಹಣ್ಣು ಬಹಳ ಇವೆಯಲ್ಲ, ಎಲ್ಲರೂ 'ಆರ್' ಎಂದು ಕೂಗಿದರು. ಕರುಣಾ ಎಂಬ ಹುಡುಗಿ ಎದ್ದು ಬಂದು 'ಆಫ್ ಮ್ಯಾಂಗೋಸ್' ಅನ್ನು ಅಂಗೈಯಿಂದ ಮುಚ್ಚಿ, "ಈಗ ಬುಟ್ಟಿ ಒಂದೇ ಉಳೀತಲ್ಲ ಸರ್, ಈಸ್" ಎಂದಳು.

"ಯಾರು ಹೇಳ್ಕೊಟ್ಟಿದ್ದು?" ಎಂದೆ.

"ನಮ್ಮಮ್ಮ ಸರ್. ಅಮ್ಮಂಗೆ ಕುಪ್ಪಗಡ್ಡೆ ಶಾಲೇಲಿ ವನಜಾಕ್ಷಿ ಟೀಚರ್ ಹಿಂಗೇ ಹೇಳ್ಕೊಡ್ತಿದ್ರಂತೆ. ನಿಮಗೆ ಗೊತ್ತಾ ಸರ್ ಅವರು?"

"ಹೆಸರು ಕೇಳೀನಿ" ಎಂದು ಮುಂದಿನ ವಾಕ್ಯಕ್ಕೆ ಹೋದೆ.

ನೀನು ಮನೆ ಬಿಟ್ಟು ಆ ಕುಪ್ಪಗಡ್ಡೆ ಶಾಲೆಗೆ ಹೋದಾಗ ನಾನಿನ್ನೂ ಎಬಿಸಿಡಿ ತಿದ್ದುತ್ತಿದ್ದೆ. ಹೋದ ವರ್ಷ ನೀನು ತೀರಿಕೊಂಡೆಯೆಂದು ಫೋನ್ ಬಂದಾಗ ನನಗೆ ಪರೀಕ್ಷೆ ಡ್ಯೂಟಿ ಇತ್ತು, ಬರಲಿಲ್ಲ.

ಮಧ್ಯಾಹ್ನ ಇನ್ನೊಂದು ಸೆಕ್ಷನ್ನಿನಲ್ಲಿ ಅದೇ ವಾಕ್ಯ ಬರೆದು, ನಾನೇ ಅಂಗೈಯಿಂದ ಮುಚ್ಚಿ ತೋರಿಸಿದೆ. ಇದನ್ನು ನಿಮಗೆ ಯಾರು ಹೇಳಿಕೊಟ್ಟರು ಎಂದು ಒಬ್ಬರಾದರೂ ಕೇಳಲಿ ಎಂದು, ಕೈ ತೆಗೆಯದೆ ಸ್ವಲ್ಪ ಹೊತ್ತು ನಿಂತೇ ಇದ್ದೆ.

ಯಾರೂ ಕೇಳಲಿಲ್ಲ. ಸುಮ್ಮನೆ ಬರೆದುಕೊಂಡರು.