ನೀರಿಗೆ ಮದ್ದು ಹಾಕಿಸಲು ಹೊರಟವಳಿಗೆ

ಮಧುವನಹಳ್ಳಿ
೧೯೮೬, ಮಾಘ ಮಾಸ

ನನ್ನ ತಂಗಿ ಸೋಮಮ್ಮನಿಗೆ,

ಈ ಕಾಗದವನ್ನು ನಿನ್ನ ಮಗಳು ಪುಟ್ಟಗೌರಮ್ಮನೇ ಮಂಚದ ಪಕ್ಕ ಕೂತು ಓದುತ್ತಾಳೆಂದು ಗೊತ್ತು. ಕತ್ತು ಬಗ್ಗಿಸಿ ಅಕ್ಷರ ನೋಡುವುದು ಈಗ ನಿನ್ನಿಂದಾಗದು. ಹೋದ ವಾರ ಯಳಂದೂರಿಗೆ ಬಂದಾಗ, ನಾನು ಪಕ್ಕದ ಬಾಗಿಲಿಂದ ಬಂದೆನೆಂದು ನೀನು ಇಡೀ ಮೈಯನ್ನೇ ತಿರುಗಿಸಿದೆ. ಕಾಫಿ ಕುಡಿದು ಬಸ್ಸು ಹತ್ತಿದೆ. ಅಲ್ಲಿ ಬಾಯಿಗೆ ಬಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಿನ್ನ ಮಗ ಮಾದಸ್ವಾಮಿ ತೀರಿಕೊಂಡದ್ದು ಹಲ್ಲುನೋವಿನಿಂದ ಎಂದರೆ ಈಗಲೂ ಜನ ನಂಬುವುದಿಲ್ಲ. ಹುಳುಕು ದವಡೆಹಲ್ಲು ಕೀವಾಗಿ, ಕೆನ್ನೆ ಊದಿ, ಕಣ್ಣು ಮುಚ್ಚಿಹೋಗಿತ್ತು. ಲವಂಗ ಇಟ್ಟೆವು, ಉಪ್ಪಿನ ಶಾಖ ಕೊಟ್ಟೆವು. ಕೊಳ್ಳೇಗಾಲದ ಆಸ್ಪತ್ರೆಗೆ ಗಾಡಿ ಕಟ್ಟುವ ಹೊತ್ತಿಗೆ ಮಗುವಿಗೆ ಬಾಯಿ ತೆರೆಯಲು ಬರುತ್ತಿರಲಿಲ್ಲ. ಅವನು ಹೋದ ಮೇಲೆ ನೀನು ಕಂಡವರ ಮಕ್ಕಳನ್ನೆಲ್ಲ ನಿಲ್ಲಿಸಿ ಬಾಯಿ ತೆರೆಸಿ ನೋಡುವವಳಾದೆ. ಊರು ನಕ್ಕಿತು.

ಅದಾಗಿ ಎಷ್ಟೋ ವರ್ಷಕ್ಕೆ, ಬಂಡಳ್ಳಿಯ ಆಚೆಯ ನಿಮ್ಮೂರಿಗೆ ಕೊಳ್ಳೇಗಾಲದಿಂದ ಹಲ್ಲಿನ ಡಾಕ್ಟರು ಬಂದರು. ಅಷ್ಟರಲ್ಲಿ ಹಳೇ ಬಾವಿ ಬಿಟ್ಟು, ಬೋರು ಕೊರೆದು, ತೊಟ್ಟಿ ಕಟ್ಟಿ, ನಲ್ಲಿ ಇಟ್ಟಾಗಿತ್ತು. ನಾನು ಪಾಠ ಹೇಳುತ್ತಿದ್ದ ಸ್ಕೂಲಿಗೆ ರಜೆ ಇತ್ತು, ನಾನೂ ನಿನ್ನ ಮನೆಯಲ್ಲೇ ಇದ್ದೆ. ಎಳೆ ವಯಸ್ಸಿನ ಡಾಕ್ಟರು, ಒಳ್ಳೆಯ ಮನುಷ್ಯ. "ಹೊರದೇಶದ ಊರುಗಳಲ್ಲಿ ಕುಡಿಯೋ ನೀರಿಗೆ ಫ್ಲೋರೈಡ್ ಅನ್ನೋ ಉಪ್ಪನ್ನ ಚೂರೇ ಚೂರು ಸೇರಿಸ್ತಾರೆ. ಮಕ್ಕಳ ಹಲ್ಲು ಹುಳುಕಾಗೋದು ಕಮ್ಮಿಯಾಗಿದೆ. ಊರೆಲ್ಲ ಒಪ್ಪಿದ್ರೆ ನಾನು ಸರ್ಕಾರಕ್ಕೆ ಬರೀತೀನಿ" ಎಂದರು. ನಿನ್ನ ಮುಖದಲ್ಲಿ ಅಂಥ ಬೆಳಕನ್ನು ನಾನು ನಿನ್ನ ಮದುವೆಯ ದಿನವೂ ಕಂಡಿರಲಿಲ್ಲ.

ನೀನು ಮನೆ ಮನೆ ಹತ್ತಿಳಿದೆ. ರಾಗಿ ಬೀಸುವವರ ಪಕ್ಕ ಕೂತು ಹೇಳಿದೆ, ಹುರುಳಿ ಬಡಿಯುವವರ ಕಣದಲ್ಲಿ ನಿಂತು ಹೇಳಿದೆ. ಸಭೆ ಸೇರಿದ ದಿನ ಯಜಮಾನ ವೃಷಭೇಂದ್ರಪ್ಪನವರು, "ಕುಡಿಯೋ ನೀರ್ಗೆ ಮದ್ದಾಕೋದಾ? ನಾಳೀಕೆ ಏನಾರ ಆದ್ರೆ ಯಾರವ್ವ ಒಣೆ?" ಎಂದರು. ಗಂಡಸರ ಸಭೆಯಲ್ಲಿ ಅದುವರೆಗೆ ಬಾಯಿ ತೆರೆಯದ ನೀನು ಎದ್ದು ನಿಂತೆ. "ನನ್ ಮಗ ಓದಂಗೆ ಇನ್ನೊಬ್ರ ಮಗ ಓಗ್ಬಾರ್ದು ಕಣ್ರಪ್ಪ. ಆಕ್ಲಿ. ಮೊದ್ಲು ನಾನೇ ಕುಡೀತೀನಿ" ಎಂದೆ. ಆಮೇಲೆ ಬೇಡ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಊರಿಗೆ ಊರೇ ಕೈ ಎತ್ತಿತು.

ಡಾಕ್ಟರು ನೀರನ್ನು ಸೀಸೆಯಲ್ಲಿ ತುಂಬಿ ಪರೀಕ್ಷೆಗೆ ಮೈಸೂರಿಗೆ ಒಯ್ದರು. ಹಿಂದಿರುಗಿ ಬಂದವರ ಮುಖ ಬಾಡಿತ್ತು. ಆ ಉಪ್ಪು ಬೋರಿನ ನೀರಲ್ಲಿ ಮೊದಲೇ ಇತ್ತಂತೆ, ಇರಬೇಕಾದ್ದಕ್ಕಿಂತ ಬಹಳ ಹೆಚ್ಚು. ಚೂರಾದರೆ ಹಲ್ಲಿಗೆ ಒಳ್ಳೆಯದು, ಹೆಚ್ಚಾದರೆ ಮೂಳೆಗೆ ವಿಷ. ಮಕ್ಕಳ ಹಲ್ಲಿನ ಹಳದಿ ಪಟ್ಟಿ, ದೊಡ್ಡವರ ಸೊಂಟದ ಬಿಗಿತ, ಎಲ್ಲ ಅದರದೇ ಎಂದರು. ಬೋರಿನ ನೀರು ಕುಡಿಯುವುದನ್ನು ಇವತ್ತೇ ಬಿಡಿ ಎಂದರು.

ನೀನು ಮತ್ತೆ ಮನೆ ಮನೆಗೆ ಹೋದೆ. ಈ ಸಲ ಯಾರೂ ಮಣೆ ಹಾಕಲಿಲ್ಲ. ವೃಷಭೇಂದ್ರಪ್ಪನವರು ಜಗಲಿಯಿಂದಲೇ, "ಆ ಉಪ್ಪು ಒಳ್ಳೇದು ಅಂತ ಸಾರ್ಕಂಡು ಬಂದೋಳು ನೀನೇಯ. ಈಗ ಭೂಮ್ತಾಯೇ ಪುಕ್ಸಟ್ಟೆ ಕೊಟ್ಟವ್ಳೆ ಅಂದ್ರೆ ಬ್ಯಾಡ ಅಂತೀಯಲ್ಲ. ಓಗವ್ವ, ಓಗು" ಎಂದರು. ಜನಕ್ಕೆ ನೀನು ಮೊದಲು ಹೇಳಿದ್ದು ನಾಟಿಬಿಟ್ಟಿತ್ತು. ನಿನ್ನ ಮಾತನ್ನು ನಿನ್ನ ಮಾತಿನಿಂದಲೇ ಕೀಳಲು ಆಗಲಿಲ್ಲ. ಹೊಲದಾಚೆಯ ಹಳೇ ಬಾವಿ ಅಷ್ಟು ದೂರ, ನಲ್ಲಿ ಬಾಗಿಲ ಮುಂದೆ. ಡಾಕ್ಟರಿಗೆ ಬೇರೆ ಊರಿಗೆ ವರ್ಗವಾಯಿತು. ನೀನು ಒಬ್ಬಳೇ ಆ ಬಾವಿಯಿಂದ ನೀರು ಹೊತ್ತೆ. ಆದರೆ ಅಷ್ಟು ವರ್ಷ ಕುಡಿದದ್ದು ಮೂಳೆ ಸೇರಿತ್ತು. ಕೊಡ ಎತ್ತಲಾಗದ ದಿನ ಬಂದ ಮೇಲೆ ಮಗಳು ನಿನ್ನನ್ನು ಯಳಂದೂರಿಗೆ ಕರೆದುಕೊಂಡು ಹೋದಳು. ವೃಷಭೇಂದ್ರಪ್ಪನವರೂ ಈಗ ಎರಡು ಕೋಲು ಹಿಡಿದೇ ನಡೆಯುವುದು. ವಯಸ್ಸಾಯಿತಲ್ಲ ಎನ್ನುತ್ತಾರೆ.

ನಿನ್ನೆ ಹನೂರಿನ ಸಂತೆಯಲ್ಲಿ ನಿಮ್ಮ ಕೆಳಗಲ ಬೀದಿಯ ಮಹಾಲಕ್ಷ್ಮಮ್ಮ ಸಿಕ್ಕಿದಳು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದಳು: "ಸೋಮಕ್ಕ ಯೋಳಿದ್ಮೇಲೆ ನಾನು ನನ್ ಮಗ್ಳಿಗೆ ನಲ್ಲಿ ನೀರ್ ಕುಡ್ಸ್ನಿಲ್ಲ ಕಣಕ್ಕ. ಊರೋರು ಆಡ್ಕತಾರೆ ಅಂತ ಬಟ್ಟೆ ಒಗ್ಯಕೆ ಓಯ್ತೀನಿ ಅಂದು ಬಾವಿಂದ ತತ್ತಿದ್ದೆ. ಸೋಮಕ್ಕನ್ ಜೊತೇಲಿ ನಿಂತ್ಕೊಂಡು ಒಂದ್ ಮಾತಾಡ್ನಿಲ್ಲ ನಾನು." ಅವಳ ಮಗಳು ಕುಕ್ಕರುಗಾಲಲ್ಲಿ ಕೂತು ಈರುಳ್ಳಿ ಆರಿಸುತ್ತಿದ್ದಳು. ಸೆರಗಿಗೆ ತುಂಬಿಕೊಂಡು, ನೆಲಕ್ಕೆ ಕೈ ಊರದೆ ಎದ್ದು ನಡೆದಳು. ಅಷ್ಟು ಸಲೀಸಾಗಿ ಎದ್ದಳು, ಸೋಮಿ. ನಾನು ಅವಳು ಮರೆಯಾಗುವವರೆಗೂ ನೋಡುತ್ತಾ ನಿಂತೆ.

ಒಂದು ಮನೆ, ಅಷ್ಟೇ. ಇದರಿಂದ ನಿನ್ನ ಸೆಟೆದ ಬೆನ್ನು ಮತ್ತೆ ಬಗ್ಗುವಂತಾಗುವುದಿಲ್ಲ, ನನಗೆ ಗೊತ್ತು. ಆದರೂ ನಿನಗೆ ತಿಳಿದಿರಲಿ ಎಂದು ಬರೆದೆ.

ಇವತ್ತಾದರೂ ನೋವಿಲ್ಲದ ನಿದ್ದೆ ಬರಲಿ ನಿನಗೆ, ಮಾದಪ್ಪ ಕಾಪಾಡಲಿ.

ನಿನ್ನ ಅಕ್ಕ,
ಚೆಲುವಮ್ಮ